ಹೆಲ್ಮೆಟ್ ಇದೆ, ಅಳತೆ ಇಲ್ಲ: ದಂಡ ತಪ್ಪಿಸೋ ಟೋಪಿ ತಲೆ ಉಳಿಸುತ್ತಾ?

ತಿಪಟೂರು: ಬಿ.ಎಚ್. ರಸ್ತೆಯಲ್ಲಿ ಪೊಲೀಸರು ತಪಾಸಣೆಗೆ ನಿಂತರೆ ಸುದ್ದಿ ಕೆ.ಬಿ. ಕ್ರಾಸ್‌ವರೆಗೂ ಮೊದಲೇ ಮುಟ್ಟಿರುತ್ತೆ. ಟ್ಯಾಂಕ್ ಮೇಲೆ, ಮಿರರ್‌ಗೆ, ಮೊಣಕೈಗೆ ನೇತು ಹಾಕಿಕೊಂಡಿದ್ದ ಹೆಲ್ಮೆಟ್‌ಗಳು ತಲೆಗೇರುತ್ತವೆ. ನೂರು ಮೀಟರ್ ದಾಟಿದ ಮೇಲೆ ಮತ್ತೆ ಕೆಳಗೆ. ಇದು ಎಲ್ಲರಿಗೂ ಗೊತ್ತಿರೋ ಕಥೆ. ಆದರೆ ನಿಯತ್ತಾಗಿ ಹಾಕಿಕೊಂಡು ಹೋಗೋರದ್ದೂ ಎಷ್ಟೋ ಸಲ ಲೆಕ್ಕಕ್ಕೆ ಬರಲ್ಲ. ಕಾರಣ, ಅಳತೆ.

ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಹೆಲ್ಮೆಟ್ ಹಾಕಬೇಕು ಅಂತ ಹೇಳಿ ಸುಮ್ಮನಾಗಿಲ್ಲ, ಹೆಲ್ಮೆಟ್ ಅಂದ್ರೆ ಏನು ಅಂತಲೂ ವಿವರಿಸಿದೆ. ಅದರ ಆಕಾರ, ವಸ್ತು, ತಯಾರಿಕೆ ಅಪಘಾತದಲ್ಲಿ ಪೆಟ್ಟು ತಡೆಯೋ ಹಾಗಿರಬೇಕು. ಜತೆಗೆ ಪಟ್ಟಿಯಿಂದ ತಲೆಗೆ ಭದ್ರವಾಗಿ ಬಿಗಿದಿರಬೇಕು. ಅಂದರೆ ಪಟ್ಟಿ ಹಾಕದ ಹೆಲ್ಮೆಟ್ ಕಾನೂನಿನ ಕಣ್ಣಲ್ಲಿ ಹೆಲ್ಮೆಟ್ಟೇ ಅಲ್ಲ.

ಜನ ನೋಡೋದು ದಂಡದ ಲೆಕ್ಕ. 2019ರಲ್ಲಿ ಕೇಂದ್ರ ಸರ್ಕಾರ ಹೆಲ್ಮೆಟ್ ದಂಡವನ್ನು 1,000 ರೂ.ಗೆ ಏರಿಸಿತು, ಅದೇ ವರ್ಷ ರಾಜ್ಯ ಸರ್ಕಾರ 500ಕ್ಕೆ ಇಳಿಸಿತು. 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಕಡ್ಡಾಯ ಆಗಿದ್ದರಿಂದ ಮನೆಗೆ ಎರಡನೇ ಹೆಲ್ಮೆಟ್ ಬೇಕಾಯ್ತು. ರಸ್ತೆ ಬದಿ ಹಗ್ಗಕ್ಕೆ ಪೋಣಿಸಿಟ್ಟ ಅರ್ಧ ಟೋಪಿಗಳಿಗೆ ಗಿರಾಕಿ ಸಿಕ್ಕಿದ್ದು ಇಲ್ಲೇ. ಐನೂರು ದಂಡ ಕಟ್ಟೋ ಬದಲು ಅದಕ್ಕಿಂತ ಕಮ್ಮಿಗೆ ಒಂದು ಟೋಪಿ. ಕಿವಿ, ಕೆನ್ನೆ, ಹಿಂದಲೆ ಎಲ್ಲಾ ಬಯಲು. ಒಳಗೆ ತೆಳು ಸ್ಪಂಜು ಬಿಟ್ಟರೆ ಏನೂ ಇಲ್ಲ.

ಕೊಬ್ಬರಿಯನ್ನು ಕೈಗೆತ್ತಿಕೊಂಡು ಗಾತ್ರ, ಬಣ್ಣ, ತೇವ ಎಲ್ಲಾ ನೋಡಿ ಬೆಲೆ ಕೂಗೋ ಊರಿದು. ಹೆಲ್ಮೆಟ್ ವಿಷಯ ಬಂದಾಗ ಮಾತ್ರ ಬಣ್ಣ ನೋಡಿ ಮುಗಿಸ್ತಾರೆ.

ಅಂಗಡಿ ಕೌಂಟರಿನಲ್ಲಿ ನಡೆಯೋ ಮಾತು ಹೆಚ್ಚುಕಮ್ಮಿ ಹೀಗಿರುತ್ತೆ: “ಅಣ್ಣಾ, ಸ್ವಲ್ಪ ಲೂಸ್ ಇದೆಯಲ್ಲಾ?” “ಲೂಸ್ ಇದ್ರೆ ಒಳ್ಳೇದೇ ಯಜಮಾನ್ರೇ, ಗಾಳಿ ಆಡುತ್ತೆ. ತಗೊಳ್ಳಿ.” ಗಿರಾಕಿಗೂ ಅದೇ ಬೇಕು. ಬಿಗಿ ಇದ್ದರೆ ಸೆಕೆ, ತಲೆನೋವು ಅನ್ನೋ ಭಯ. ಟವೆಲ್ ಸುತ್ತಿಕೊಂಡು ಮೇಲೆ ಹಾಕೋರು ಇನ್ನೂ ಒಂದು ಸೈಜು ದೊಡ್ಡದು ಕೇಳ್ತಾರೆ. ಮನೇಲಿ ಅಪ್ಪ, ಮಗ, ಸೊಸೆ ಮೂವರಿಗೂ ಒಂದೇ ಹೆಲ್ಮೆಟ್ ಅಂದಮೇಲೆ ದೊಡ್ಡ ತಲೆಯ ಅಳತೆಯೇ ಎಲ್ಲರ ಅಳತೆ.

ಲೂಸ್ ಹೆಲ್ಮೆಟ್ ಏನು ಮಾಡುತ್ತೆ ಅಂದ್ರೆ, ಬಿದ್ದ ತಕ್ಷಣ ತಿರುಗುತ್ತೆ, ಇಲ್ಲವೇ ಕಳಚಿ ಹೋಗುತ್ತೆ. ಬೈಕಿಂದ ಬಿದ್ದವನ ತಲೆ ಒಂದೇ ಸಲ ನೆಲಕ್ಕೆ ತಾಗಿ ನಿಲ್ಲಲ್ಲ. ಮೊದಲ ಪೆಟ್ಟಿಗೆ ಹೆಲ್ಮೆಟ್ ಹಾರಿದರೆ ಎರಡನೇ ಪೆಟ್ಟು ಬರೀ ತಲೆಗೆ. ಒಳಗಿರೋ ಥರ್ಮಾಕೋಲ್ ಪದರ ತಾನು ಜಜ್ಜಿಹೋಗಿ ಪೆಟ್ಟಿನ ಜೋರು ಇಳಿಸುತ್ತೆ. ಅದಕ್ಕೆ ತಲೆ ಒಳಗಡೆ ಅಲ್ಲಾಡದೆ ಕೂತಿರಬೇಕು. ಒಂದು ಸಲ ಜಜ್ಜಿದ ಪದರ ಮತ್ತೆ ಉಬ್ಬಲ್ಲ, ಹಾಗಾಗಿ ಬಿದ್ದ ಹೆಲ್ಮೆಟ್ ಹೊರಗೆ ಹೊಳೀತಿದ್ದರೂ ಬದಲಾಯಿಸಬೇಕು.

ಅಳತೆ ತಗೊಳ್ಳೋದು ಕಷ್ಟವೇನಲ್ಲ. ಟೈಲರ್ ಟೇಪನ್ನು ಹುಬ್ಬಿನಿಂದ ಒಂದು ಬೆರಳು ಮೇಲೆ, ಕಿವಿಗಳ ಮೇಲಿಂದ, ಹಿಂದಲೆಯ ಉಬ್ಬಿನ ಮೇಲೆ ಹಾಯಿಸಿ ಸುತ್ತಬೇಕು. ಬಂದ ಮಿಲಿಮೀಟರ್ ಸಂಖ್ಯೆಯೇ ನಿಮ್ಮ ಸೈಜು. ಎಲ್, ಎಂ ಅಂತ ಕೇಳಿದರೆ ಮೋಸ ಹೋಗ್ತೀರಿ, ಯಾಕಂದ್ರೆ ಒಂದು ಕಂಪನಿಯ ಎಲ್ 580 ಮಿ.ಮೀ. ಆದರೆ ಇನ್ನೊಂದರ ಎಲ್ 600. ಸ್ಟಿಕರ್ ಮೇಲೆ ಸಂಖ್ಯೆ ಇರುತ್ತೆ, ಅದನ್ನು ನೋಡಿ.

ಹಾಕಿಕೊಂಡಾಗ ಕೆನ್ನೆ ಎರಡೂ ಕಡೆ ಸ್ವಲ್ಪ ಒತ್ತಿರಬೇಕು. ಎಡಕ್ಕೆ ಬಲಕ್ಕೆ ಹೆಲ್ಮೆಟ್ ತಿರುಗಿಸಿದರೆ ಹಣೆ, ಕೆನ್ನೆಯ ಚರ್ಮವೂ ಜತೆಗೆ ಎಳೀಬೇಕು. ಬರೀ ಹೆಲ್ಮೆಟ್ ತಿರುಗಿದರೆ ಅದು ದೊಡ್ಡದು. ಆಮೇಲೆ ಪಟ್ಟಿ ಬಿಗಿದು, ಗದ್ದದ ಕೆಳಗೆ ಒಂದೆರಡು ಬೆರಳು ಮಾತ್ರ ತೂರೋ ಹಾಗೆ ಮಾಡಿಕೊಂಡು, ಹಿಂದಿನ ಅಂಚನ್ನು ಕೆಳಗಿನಿಂದ ಮುಂದಕ್ಕೆ ತಳ್ಳಿ ನೋಡಿ. ಕಳಚಿ ಬಂದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಹತ್ತು ನಿಮಿಷ ಹಾಕಿಕೊಂಡೇ ಕೂತಿರಿ. ಹಣೆಯಲ್ಲಿ ಒಂದೇ ಜಾಗ ನೋಯ್ತಿದ್ದರೆ ಆ ಆಕಾರ ನಿಮ್ಮ ತಲೆಗೆ ಹೊಂದಲ್ಲ, ಬೇರೆ ಮಾಡೆಲ್ ನೋಡಿ. ಹೊಸತರಲ್ಲಿ ಒಳಗಿನ ಪ್ಯಾಡು ಗಟ್ಟಿಯಿರುತ್ತೆ, ತಿಂಗಳೊಪ್ಪತ್ತಿನಲ್ಲಿ ತಲೆಗೆ ಕೂರುತ್ತೆ. ಮೊದಲ ದಿನವೇ ಸಡಿಲ ಇದ್ದದ್ದು ಆಮೇಲೆ ಇನ್ನಷ್ಟು ಸಡಿಲ.

ಹೆಣ್ಣುಮಕ್ಕಳ ತೊಂದರೆ ಬೇರೆ. ತುರುಬು ಕಟ್ಟಿ, ಹೂವು ಮುಡಿದು ಹಾಕಿದರೆ ಹೆಲ್ಮೆಟ್ ಮುಂದಕ್ಕೆ ವಾಲಿ ಕಣ್ಣಿಗೆ ಬರುತ್ತೆ, ಆಗ ದೊಡ್ಡದನ್ನೇ ಹಾಕಬೇಕಾಗುತ್ತೆ. ಜಡೆಯನ್ನು ಕುತ್ತಿಗೆ ಹತ್ತಿರ ಕೆಳಗೆ ಕಟ್ಟಿದರೆ ಸರಿಯಾದ ಸೈಜು ಕೂರುತ್ತೆ. ಮದುವೆಗೆ ಹೊರಟಾಗ ಇದನ್ನೆಲ್ಲಾ ಯಾರು ಕೇಳ್ತಾರೆ ಅನ್ನೋದೂ ನಿಜವೇ.

ಮಕ್ಕಳ ವಿಷಯದಲ್ಲಿ ಅಂಗಡಿಗಳೂ ಮನೆಯವರೂ ಇಬ್ಬರೂ ಹಿಂದೆ ಬಿದ್ದಿದ್ದಾರೆ. ನಾಲ್ಕು ವರ್ಷ ದಾಟಿದ ಮಗುವಿಗೂ ಹೆಲ್ಮೆಟ್ ಕಡ್ಡಾಯ. ಅದಕ್ಕಿಂತ ಚಿಕ್ಕ, ಒಂಬತ್ತು ತಿಂಗಳು ಮೇಲ್ಪಟ್ಟ ಮಕ್ಕಳಿಗೂ ತಲೆಗೆ ಸರಿಹೊಂದೋ ಹೆಲ್ಮೆಟ್ ಇರಬೇಕು, ಸವಾರನಿಗೆ ಕಟ್ಟೋ ಬೆಲ್ಟ್ ಇರಬೇಕು, ವೇಗ 40 ಕಿ.ಮೀ. ಮೀರಬಾರದು ಅನ್ನೋ ಕೇಂದ್ರದ ನಿಯಮ 2023ರ ಫೆಬ್ರುವರಿಯಿಂದ ಜಾರಿಯಲ್ಲಿದೆ. ಟ್ಯಾಂಕ್ ಮೇಲೆ ಕೂರಿಸಿ ಸ್ಕೂಲಿಗೆ ಬಿಡೋ ಅಪ್ಪಂದಿರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ದೊಡ್ಡವರ ಹೆಲ್ಮೆಟ್ ಮಗುವಿನ ತಲೆಗೆ ಕೊಡಪಾನ ಬೋರಲು ಹಾಕಿದ ಹಾಗೆ, ಭಾರಕ್ಕೆ ಕತ್ತೂ ವಾಲುತ್ತೆ.

ವ್ಯಾಪಾರಿಗಳ ಕಷ್ಟವನ್ನೂ ಹೇಳಬೇಕು. ಎಲ್ಲಾ ಸೈಜು ತಂದಿಟ್ಟರೆ ಬಂಡವಾಳ ಕೂರುತ್ತೆ, ಚಿಕ್ಕ ಸೈಜು ಹೋಗಲ್ಲ. ಆದರೆ ಮಾಡೆಲ್ ಹತ್ತು, ಸೈಜು ಒಂದು ಇಡೋ ಬದಲು ಮಾಡೆಲ್ ಮೂರು, ಸೈಜು ಮೂರು ಇಟ್ಟರೆ ಅಷ್ಟೇ ದುಡ್ಡಿನಲ್ಲಿ ಆಗುತ್ತೆ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರೋದೇ ನಿಷೇಧ, ಸಿಕ್ಕಿಬಿದ್ದರೆ ಮಾರಿದವರ ಮೇಲೂ ಕೇಸು. ಗುರುತಿನ ಸ್ಟಿಕರನ್ನೇ ನಕಲಿ ಮಾಡಿ ಅಂಟಿಸೋರಿದ್ದಾರೆ. ಐಎಸ್ 4151 ಅನ್ನೋ ಸಂಖ್ಯೆ, ಸಿಎಂ/ಎಲ್ ಲೈಸೆನ್ಸ್ ನಂಬರ್ ಎರಡೂ ಇರಬೇಕು. ಆ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ತಯಾರಕರ ಹೆಸರು ಬರುತ್ತೆ. ಹೋಲ್‌ಸೇಲ್ ಮಾಲು ತರೋ ಮುಂಚೆಯೇ ಅಂಗಡಿಯವರು ಇದನ್ನು ನೋಡಿಕೊಳ್ಳಬಹುದು.

ಹೊಸ ಬೈಕ್ ಬುಕ್ ಮಾಡಿದವರಿಗೆ ಇನ್ನೊಂದು ಮಾತು. ಬೈಕ್ ಜತೆ ಐಎಸ್‌ಐ ಹೆಲ್ಮೆಟ್ ಕೊಡಬೇಕು ಅನ್ನೋದು ಕೇಂದ್ರ ಮೋಟಾರು ವಾಹನ ನಿಯಮದಲ್ಲೇ ಇದೆ. ಕೈಗೆ ಸಿಕ್ಕಿದ್ದನ್ನು ಡಿಕ್ಕಿಯಲ್ಲಿಟ್ಟು ಕಳಿಸೋದು ವಾಡಿಕೆ. ಡೆಲಿವರಿ ದಿನ ನಂಬರ್ ಪ್ಲೇಟಿಗೆ ನಿಂಬೆಹಣ್ಣು ಕಟ್ಟೋ ಮೊದಲು ಆ ಹೆಲ್ಮೆಟ್ ತಲೆಗೆ ಹಾಕಿ, ಪಟ್ಟಿ ಬಿಗಿದು, ಹಿಂದಿನಿಂದ ತಳ್ಳಿ ನೋಡಿ. ಕಳಚಿದರೆ ಸೈಜು ಬದಲಾಯಿಸಿಕೊಡಿ ಅಂತ ಅಲ್ಲೇ ಕೇಳಿ.