ಹೆಸರಷ್ಟೇ ಬರೆಯುವ ಪ್ರಾಜೆಕ್ಟ್



ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ 125 ಆಂತರಿಕ ಮೌಲ್ಯಮಾಪನಕ್ಕೆ ಮೀಸಲು. ಪ್ರಾಜೆಕ್ಟ್‌ಗಳ ಮೂಲಕ ಮಕ್ಕಳು ತಾವೇ ನೋಡಿ, ಮಾಡಿ ಕಲಿಯಲಿ ಎಂಬುದು ಇದರ ಉದ್ದೇಶ. ಆದರೆ ನಮ್ಮೂರ ಜೆರಾಕ್ಸ್ ಅಂಗಡಿಯಲ್ಲಿ ‘ಮಳೆನೀರು ಕೊಯ್ಲು’ ಪ್ರಾಜೆಕ್ಟ್ ಸ್ಪೈರಲ್ ಬೈಂಡಿಂಗ್ ಸಮೇತ ಸಿದ್ಧವಿರುತ್ತದೆ. ಹೆಸರು ಬರೆಯುವ ಜಾಗವಷ್ಟೇ ಖಾಲಿ. ಶಿಕ್ಷಕರಿಗೂ ಇದು ಗೊತ್ತು. ಫಲಿತಾಂಶದ ಒತ್ತಡದಲ್ಲಿ ಅವರಾದರೂ ಏನು ಮಾಡಿಯಾರು? ಹೀಗೆ ಪಾಸಾದವರು ಪಿಯುಸಿಯಲ್ಲಿ ಸ್ವಂತ ವಾಕ್ಯದಲ್ಲಿ ರಜೆ ಅರ್ಜಿ ಬರೆಯಲೂ ತಡಕಾಡುತ್ತಾರೆ. ಇನ್ನು ಹತ್ತನೇ ತರಗತಿಯ ನಂತರದ ಐಟಿಐ, ಡಿಪ್ಲೊಮಾ ದಾರಿಗಳಂತೂ ಎಷ್ಟೋ ಮನೆಗಳಿಗೆ ತಿಳಿದೇ ಇಲ್ಲ.

ಪ್ರಾಜೆಕ್ಟನ್ನು ತರಗತಿಯಲ್ಲೇ, ಕೈಬರಹದಲ್ಲಿ ಮಾಡಿಸಲಿ. ಊರ ಕೆರೆ, ಸಂತೆ, ಹಾಲಿನ ಡೇರಿಯೇ ವಿಷಯವಾಗಲಿ. ಹತ್ತನೇ ತರಗತಿಯವರನ್ನು ವರ್ಷಕ್ಕೊಮ್ಮೆಯಾದರೂ ಹತ್ತಿರದ ಪಿಯು ಕಾಲೇಜು, ಪಾಲಿಟೆಕ್ನಿಕ್‌ಗೆ ಕರೆದೊಯ್ಯುವಂತೆ ಶಾಲಾ ಶಿಕ್ಷಣ ಇಲಾಖೆ ಸೂಚಿಸಬೇಕೆಂದು ವಿನಂತಿ.

– ಒಬ್ಬ ಪೋಷಕ, ತಿಪಟೂರು