ಉತ್ತರ ಮೊದಲೇ ಗೊತ್ತಿದ್ದರೆ

ಮೊನ್ನೆ ಕೆಮಿಸ್ಟ್ರಿ ಲ್ಯಾಬಿನಲ್ಲಿ ನಾನು ಮಾಡಿದ ಒಂದು ತಪ್ಪಿನಿಂದಲೇ ಶುರು ಮಾಡುತ್ತೇನೆ. ಅಂದು ಸಾಲ್ಟ್ ಅನಾಲಿಸಿಸ್ ಇತ್ತು. ನನಗೆ ಸಿಕ್ಕಿದ್ದು ನಾಲ್ಕನೇ ನಂಬರಿನ ಬಾಟಲಿ. ಹಿಂದಿನ ಬ್ಯಾಚಿನವರು ಹೊರಗೆ ಬರುವಾಗಲೇ "ನಾಲ್ಕು ಅಂದ್ರೆ ಅಮೋನಿಯಂ ಕ್ಲೋರೈಡ್" ಎಂದು ಪಿಸುಗುಟ್ಟಿ ಹೋಗಿದ್ದರು. ಸಿಲ್ವರ್ ನೈಟ್ರೇಟ್ ಹಾಕಿಯೇ ನೋಡದೆ, ಮೊಸರಿನಂಥ ಬಿಳಿ ಪ್ರೆಸಿಪಿಟೇಟ್ ಬಂತು ಎಂದು ಬರೆದುಬಿಟ್ಟೆ. ಪೂರ್ತಿ ಅಂಕ ಸಿಕ್ಕಿತು. ನಿಮ್ಮಲ್ಲಿ ಹೀಗೆ ಮಾಡದವರು ಕಡಿಮೆ ಎಂದು ನನ್ನ ಅಂದಾಜು.

ಇಷ್ಟು ಸಣ್ಣ ವಿಷಯ ನನ್ನನ್ನು ಕಾಡಲು ಕಾರಣವಿದೆ. ಪಿಯುಸಿ ಮುಗಿದ ಮೇಲೆ ನಾನು ಓದಬೇಕೆಂದಿರುವುದು ಫೊರೆನ್ಸಿಕ್ ಸೈನ್ಸ್, ಅಂದರೆ ವಿಧಿವಿಜ್ಞಾನ. ಮನೆಯಲ್ಲಿ ಹೇಳಿದಾಗ ಉಮ್ಮ ಗಾಬರಿಯಾದರು: "ಹೆಣ ಕೊಯ್ಯುವ ಕೆಲಸವಾ?" ಅಲ್ಲ. ಮರಣೋತ್ತರ ಪರೀಕ್ಷೆ ವೈದ್ಯರ ಕೆಲಸ. ಅದಕ್ಕೆ ಎಂಬಿಬಿಎಸ್ ಓದಬೇಕು. ತನಿಖೆ ಪೊಲೀಸರ ಕೆಲಸ. ರಕ್ತದ ಕಲೆ, ವಿಷ, ಕೈಬರಹ, ಗುಂಡು, ಬೆರಳಚ್ಚು, ಮೊಬೈಲಿನೊಳಗಿನ ದತ್ತಾಂಶ ಇವುಗಳನ್ನು ಪರೀಕ್ಷಿಸಿ ಕಂಡದ್ದನ್ನು ವರದಿ ಮಾಡುವುದು ವಿಧಿವಿಜ್ಞಾನಿಯ ಕೆಲಸ. ಗೆಳೆಯರಂತೂ ಟಿವಿ ಧಾರಾವಾಹಿಯ ಸಿಐಡಿ ಎಂದೇ ಕರೆಯತೊಡಗಿದ್ದಾರೆ. ಆದರೆ ಕಳ್ಳನನ್ನು ಹಿಡಿಯುವ ಆಸೆಯಿಂದ ನಾನು ಈ ವಿಷಯವನ್ನು ಆರಿಸಿಕೊಂಡಿಲ್ಲ.

ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಅಲೆಕ್ ಜೆಫ್ರೀಸ್ 1984ರಲ್ಲಿ ಡಿಎನ್‌ಎ ಮೂಲಕ ವ್ಯಕ್ತಿಯನ್ನು ಗುರುತಿಸುವ ವಿಧಾನವನ್ನು ಕಂಡುಹಿಡಿದರು. ಎರಡು ವರ್ಷಗಳ ಬಳಿಕ ಅದೇ ಸೀಮೆಯಲ್ಲಿ ನಡೆದಿದ್ದ ಇಬ್ಬರು ಬಾಲಕಿಯರ ಕೊಲೆ ಪ್ರಕರಣದಲ್ಲಿ ಪೊಲೀಸರು ಅವರ ಸಹಾಯ ಕೇಳಿದರು. 17 ವರ್ಷದ ಒಬ್ಬ ಹುಡುಗ ಒಂದು ಕೊಲೆಯನ್ನು ಒಪ್ಪಿಕೊಂಡಿದ್ದ. ಎರಡನ್ನೂ ಅವನೇ ಮಾಡಿದ್ದಾನೆಂದು ಸಾಬೀತಾಗಬೇಕಿತ್ತು, ಅಷ್ಟೇ. ಪರೀಕ್ಷೆಯ ಫಲಿತಾಂಶ ಬೇರೆಯೇ ಬಂತು: ಎರಡೂ ಕೊಲೆ ಒಬ್ಬನದೇ, ಆದರೆ ಅವನು ಈ ಹುಡುಗನಲ್ಲ. ನಿಜವಾದ ಅಪರಾಧಿಗೆ 1988ರಲ್ಲಿ ಶಿಕ್ಷೆಯಾಯಿತು. ಕೊಲೆ ಪ್ರಕರಣವೊಂದರಲ್ಲಿ ಡಿಎನ್‌ಎ ಮೊದಲು ಮಾಡಿದ ಕೆಲಸ ಒಬ್ಬ ನಿರಪರಾಧಿಯನ್ನು ಬಿಡಿಸಿದ್ದು. ಇದನ್ನು ಓದಿದ ದಿನವೇ ನಾನು ಏನು ಓದಬೇಕೆಂದು ನಿರ್ಧರಿಸಿದೆ.

ಈ ವಿದ್ಯೆಯಲ್ಲಿ ನಮ್ಮ ದೇಶದ ಪಾಲೂ ಇದೆ. ಬೆರಳಚ್ಚಿನ ಕಚೇರಿ ಕಲ್ಕತ್ತಾದಲ್ಲಿ 1897ರಲ್ಲೇ ಆರಂಭವಾಯಿತು. ಅಲ್ಲಿ ದುಡಿದ ಖಾಜಿ ಅಜೀಜುಲ್ ಹಕ್ ಗಣಿತದ ವಿದ್ಯಾರ್ಥಿ. ಬೆರಳಚ್ಚುಗಳನ್ನು 1024 ಗುಂಪುಗಳಾಗಿ ವಿಂಗಡಿಸುವ ಕ್ರಮವನ್ನು ಅವರು ಮತ್ತು ಹೇಮಚಂದ್ರ ಬೋಸ್ ಸೇರಿ ಬೆಳೆಸಿದರು. ಹೆಸರು ಮಾತ್ರ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದ್ದಾಯಿತು. ಪುಸ್ತಕಗಳಲ್ಲಿ ಇಂದಿಗೂ ಅದು 'ಹೆನ್ರಿ ಪದ್ಧತಿ'.

ಅದೇ ಬೆರಳಚ್ಚು ಒಬ್ಬ ನಿರಪರಾಧಿಯನ್ನು ಜೈಲಿಗೂ ಕಳಿಸಿದೆ. 2004ರ ಮಾರ್ಚಿನಲ್ಲಿ ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ರೈಲುಗಳಲ್ಲಿ ಬಾಂಬ್ ಸ್ಫೋಟವಾಯಿತು. ಡಿಟೊನೇಟರ್‌ಗಳಿದ್ದ ಚೀಲದ ಮೇಲಿನ ಒಂದು ಬೆರಳಚ್ಚು ಅಮೆರಿಕದ ವಕೀಲ ಬ್ರಾಂಡನ್ ಮೇಫೀಲ್ಡ್ ಅವರದ್ದೆಂದು ಎಫ್‌ಬಿಐ ಹೇಳಿತು. ಅವರು ಇಸ್ಲಾಂ ಸ್ವೀಕರಿಸಿದ್ದವರು. ಸ್ಪೇನಿನ ಪೊಲೀಸರು ಇದು ಹೊಂದುವುದಿಲ್ಲ ಎಂದರೂ ಕೇಳದೆ ಅವರನ್ನು ಬಂಧಿಸಿ ಎರಡು ವಾರ ಇಟ್ಟರು. ಕೊನೆಗೆ ಆ ಅಚ್ಚು ಅಲ್ಜೀರಿಯಾದ ಬೇರೊಬ್ಬನದೆಂದು ಸ್ಪೇನಿನವರೇ ತೋರಿಸಿಕೊಟ್ಟರು. ಎಫ್‌ಬಿಐ ಕ್ಷಮೆ ಕೇಳಿತು. ಸರ್ಕಾರ 20 ಲಕ್ಷ ಡಾಲರ್ ಪರಿಹಾರ ಕೊಟ್ಟಿತು.

ಆಮೇಲೆ ನಡೆದ ಅಧಿಕೃತ ವಿಚಾರಣೆ ಹೇಳಿದ ಎರಡು ಸಂಗತಿಗಳನ್ನು ನಾವು ಗಮನಿಸಬೇಕು. ಮೊದಲು ಹೋಲಿಸಿದಾಗ ತಜ್ಞರಿಗೆ ಅವರ ಧರ್ಮ ಗೊತ್ತಿರಲಿಲ್ಲ. ಆದರೆ ಸ್ಪೇನಿನವರು ತಕರಾರು ಎತ್ತಿದ ಮೇಲೂ ಸರಿಯಾಗಿ ಮರುಪರಿಶೀಲಿಸದಿರಲು ಅದೂ ಒಂದು ಕಾರಣವಾಗಿದ್ದಿರಬಹುದು. ಎರಡನೆಯದು, ಕೆಲವು ಗೆರೆಗಳು ನಿಜಕ್ಕೂ ಹೋಲುತ್ತಿದ್ದುದರಿಂದ ತಜ್ಞರು ಮೇಫೀಲ್ಡ್ ಅವರ ಅಚ್ಚನ್ನು ನೋಡಿಕೊಂಡು, ಚೀಲದ ಮೇಲಿನ ಮಸುಕಾದ ಅಚ್ಚಿನಲ್ಲಿ ಇಲ್ಲದ ಗೆರೆಗಳನ್ನೂ 'ಕಾಣ'ತೊಡಗಿದರು.

ಉತ್ತರ ಮೊದಲು, ಅಬ್ಸರ್ವೇಶನ್ ಆಮೇಲೆ. ನಾಲ್ಕನೇ ಬಾಟಲಿಯ ಮುಂದೆ ನಾನು ಮಾಡಿದ್ದೂ ಅದನ್ನೇ ಅಲ್ಲವೇ? ಅವರಾದರೂ ನೋಡಿ ತಪ್ಪಿದರು, ನಾನು ನೋಡಲೂ ಇಲ್ಲ.

ಇನ್ನು ಮುಂದೆ ಈ ವಿಷಯ ಓದಿದವರು ನಮ್ಮ ದೇಶಕ್ಕೆ ಬಹಳ ಬೇಕಾಗುತ್ತಾರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, 7 ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಲೇಬೇಕು. ಇದಕ್ಕೆ ಸಿದ್ಧರಾಗಲು ರಾಜ್ಯಗಳಿಗೆ 5 ವರ್ಷದವರೆಗೆ ಅವಕಾಶವಿದೆ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಮಡಿವಾಳದ ಪ್ರಯೋಗಾಲಯದ ಜೊತೆಗೆ ಮಂಗಳೂರು, ಮೈಸೂರು, ದಾವಣಗೆರೆ, ಬೆಳಗಾವಿ, ಕಲಬುರಗಿಗಳಲ್ಲಿ ಪ್ರಾದೇಶಿಕ ಪ್ರಯೋಗಾಲಯಗಳಿವೆ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಧಾರವಾಡಕ್ಕೂ ಬಂದಿದೆ. ನೀಟ್, ಸಿಇಟಿ ಎರಡೇ ದಾರಿ ಎಂದುಕೊಂಡಿರುವ ಸೈನ್ಸ್ ವಿದ್ಯಾರ್ಥಿಗಳು ಈ ಕಡೆಯೂ ನೋಡಬೇಕು. ಯಾರ ಮೇಲಾದರೂ ಸುಲಭವಾಗಿ ಅನುಮಾನ ಬೀಳುವ ಈ ಕಾಲದಲ್ಲಿ, ಹೆಸರು ನೋಡದೆ ಪುರಾವೆ ನೋಡುವವರು ಪ್ರಯೋಗಾಲಯದಲ್ಲಿ ಇರಬೇಕು. ಅವರಲ್ಲಿ ನಮ್ಮ ಕಾಲೇಜಿನವರೂ ಇರಲಿ ಎಂಬುದು ನನ್ನ ಆಸೆ.

ಆದರೆ ಅದಕ್ಕೆ ತಯಾರಿ ಇಲ್ಲಿಂದಲೇ ಆಗಬೇಕು. ನಮ್ಮ ಉಪನ್ಯಾಸಕರಲ್ಲಿ ನನ್ನದೊಂದು ವಿನಂತಿ: ಬಾಟಲಿಗಳ ನಂಬರನ್ನು ಪ್ರತಿ ಬ್ಯಾಚಿಗೂ ಬದಲಾಯಿಸಿ. ಪ್ರಯೋಗ ಮಾಡಿ, ಕಂಡದ್ದನ್ನೇ ಬರೆದು, ಉತ್ತರ ತಪ್ಪಿದವರಿಗೂ ಸ್ವಲ್ಪ ಅಂಕ ಕೊಡಿ. ತಪ್ಪಿದರೆ ಅಂಕವೇ ಇಲ್ಲ ಎಂದಾದಾಗ ನಾವು ಟೆಸ್ಟ್‌ಟ್ಯೂಬ್ ಬಿಟ್ಟು ಪಕ್ಕದವರ ಪುಸ್ತಕ ನೋಡುತ್ತೇವೆ.

ನಾನು ನನ್ನ ಪಾಲಿನ ಕೆಲಸ ಶುರು ಮಾಡಿದ್ದೇನೆ. ಮೇಡಂ ಬಳಿ ಹೋಗಿ ನಡೆದದ್ದನ್ನು ಹೇಳಿದೆ. ಅವರು ಬೈಯಲಿಲ್ಲ; ಬೇರೆ ಬಾಟಲಿ ಕೊಟ್ಟು, "ಈಗ ನೋಡಿ ಬರೆ" ಎಂದರು. ಒಂದೂವರೆ ಗಂಟೆ ಹಿಡಿಯಿತು. ಉತ್ತರ ಅರ್ಧ ತಪ್ಪಿತ್ತು, ಆದರೆ ಬರೆದ ಪ್ರತಿ ಸಾಲೂ ನಾನು ಕಣ್ಣಾರೆ ಕಂಡದ್ದಾಗಿತ್ತು.