ಎಣ್ಣೆ ಫಿಲ್ಟರ: ಬಣ್ಣ ಬೇಡ, ಒಳಗು ನೋಡಿರಿ

ಎತ್ತು ಕೊಳ್ಳುವಾಗ ನಮ್ಮ ರೈತರು ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಯಿಸಿಯೂ ನೋಡುತ್ತಾರೆ. ಆದರೆ ಟ್ರ್ಯಾಕ್ಟರಿಗೋ ಜೀಪಿಗೋ ಎಣ್ಣೆ ಸೋಸುವ ಫಿಲ್ಟರ ಕೊಳ್ಳುವಾಗ ಮಾತ್ರ “ಅಗ್ಗದ್ದು ಯಾವುದಾದರೂ ಕೊಡಿರಿ” ಎಂದುಬಿಡುತ್ತಾರೆ. ಈ ಉದಾಸೀನ ನಮಗೆ ತಕ್ಕುದಲ್ಲ.

ಅಕ್ಕಲಕೋಟ ಸೀಮೆಯ ಎರೆಮಣ್ಣಿನ ಧೂಳು ಬಲು ನುಣುಪು. ಗಾಳಿಯ ಫಿಲ್ಟರ ತಪ್ಪಿಸಿ ಬಂದ ಧೂಳೂ ಎಂಜಿನ್ನಿನೊಳಗೆ ಸವೆದ ಲೋಹದ ಪುಡಿಯೂ ಎಣ್ಣೆಯಲ್ಲಿ ಬೆರೆತು ಬೇರಿಂಗನ್ನು ಸಾಣೆಯಂತೆ ತಿಕ್ಕುತ್ತವೆ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. 10-20 ಮೈಕ್ರಾನಿನ ಕಣವೂ ಕೇಡು ಮಾಡಬಲ್ಲುದು. ಕಣ್ಣಿಗೆ ಕಾಣದ ಈ ಕಳ್ಳನನ್ನು ಹಿಡಿಯುವುದೇ ಫಿಲ್ಟರಿನ ಕೆಲಸ.

ಡಬ್ಬಿ ಭಾರವಿದ್ದರೆ, ಬಣ್ಣ ಮಿರುಗಿದರೆ ಅದು ಒಳ್ಳೆಯದೆಂಬುದು ಭ್ರಮೆ. ಎಣ್ಣೆ ಕಪ್ಪಾಯಿತೆಂದು ಫಿಲ್ಟರನ್ನು ಹಳಿಯುವುದೂ ತಪ್ಪು. ಡೀಸೆಲ್ಲಿನ ಮಸಿ ಅತಿ ಸಣ್ಣದು. ಒಳ್ಳೆಯ ಕಾಗದವನ್ನೂ ದಾಟಿ ಹೋಗುತ್ತದೆ.

ಅಂಗಡಿಯಲ್ಲಿ ಡಬ್ಬಿಯ ಬಾಯಿ ನೋಡಿರಿ. ರಬ್ಬರ ಬಳೆ ಮೆತ್ತಗಿದ್ದು ಬಿರುಕಿಲ್ಲದಿರಬೇಕು, ತಿರುಪು ಸಮವಾಗಿರಬೇಕು. ಅಡ್ಡಲಾಗಿ ಕೂಡ್ರಿಸುವ ಡಬ್ಬಿಯಾದರೆ ಸುತ್ತಲಿನ ಸಣ್ಣ ತೂತುಗಳ ಹಿಂದೆ ತೆಳು ಪರದೆ ಕಾಣಬೇಕು. ಎಂಜಿನ್ ನಿಂತಾಗ ಎಣ್ಣೆ ಹಿಂದಕ್ಕೆ ಇಳಿಯದಂತೆ ತಡೆಯುವುದು ಅದೇ. ಅದು ಕೆಟ್ಟದ್ದಿದ್ದರೆ ಮುಂಜಾನೆ ಚಾಲೂ ಮಾಡಿದಾಗ ಎಣ್ಣೆ ತಲುಪುವುದು ತಡವಾಗಿ ಬೇರಿಂಗು ಸವೆಯುತ್ತದೆ.

ನಿಜವಾದ ಪರೀಕ್ಷೆ ಹಳೆಯ ಡಬ್ಬಿಯದು. ಎಣ್ಣೆ ಬದಲಿಸಿದ ದಿನ ಅದನ್ನು ಬಿಸಾಡದೆ ಮಿಸ್ತ್ರಿಯಿಂದ ಕತ್ತರಿಸಿ ನೋಡಿರಿ. ಕಾಗದದ ಮಡಿಕೆಗಳು ಒತ್ತಾಗಿ, ಸಮನಾಗಿ ಇವೆಯೇ? ಎಲ್ಲಿಯಾದರೂ ಹರಿದಿದೆಯೇ? ತುದಿಯ ಅಂಟು ಬಿಟ್ಟಿದೆಯೇ? ಹರಿದಿದ್ದರೆ ಆ ಜಾತಿಯ ಫಿಲ್ಟರನ್ನು ಮತ್ತೆ ಕೊಳ್ಳಬೇಡಿರಿ. ಮಡಿಕೆಯಲ್ಲಿ ಹೊಳೆಯುವ ಲೋಹದ ಚೂರುಗಳು ಕಂಡರೆ ರೋಗ ಎಂಜಿನ್ನಿನದು, ತಡಮಾಡದೆ ತೋರಿಸಿರಿ. ಕಾಗದ ಎಷ್ಟು ಸೋಸುತ್ತದೆಂದು ಪ್ರಯೋಗಶಾಲೆಯೇ ಹೇಳಬೇಕು. ತೀರ ಕೆಟ್ಟದ್ದನ್ನು ಗುರುತಿಸಲು ನಮ್ಮ ಕಣ್ಣೇ ಸಾಕು.

ಉತ್ತಮ ಫಿಲ್ಟರಿನ ಅವಧಿಯನ್ನೂ ಮೀರಿಸಬಾರದು. ಕಾಗದ ಕಟ್ಟಿಕೊಂಡಾಗ ಕವಾಟ ತೆರೆದು ಸೋಸದ ಎಣ್ಣೆಯನ್ನೇ ಬಿಡುತ್ತದೆ. ಎಣ್ಣೆಯೇ ಇಲ್ಲದೆ ಓಡುವುದಕ್ಕಿಂತ ಹೊಲಸು ಎಣ್ಣೆ ಮೇಲೆಂಬ ಲೆಕ್ಕ ಅದು; ಅದೇ ರೂಢಿಯಾಗಬಾರದು.

ಡಬ್ಬಿಯ ಮೇಲಿನ ಬರಹ ನಮ್ಮ ಭಾಷೆಯದಲ್ಲವೆಂದು ಹಿಂಜರಿಯಬೇಡಿರಿ. ಟ್ರ್ಯಾಕ್ಟರಿನ ಪುಸ್ತಕದಲ್ಲಿಯ ನಂಬರು ಡಬ್ಬಿಯ ನಂಬರಿಗೆ ಕೂಡುತ್ತದೆಯೋ ನೋಡಿ, ಪಾವತಿ ಕೇಳಿ ಪಡೆಯಿರಿ. ನಕಲಿ ಮಾಲು ಮಾರಿದವನನ್ನು ಕೇಳಲು ಆ ಚೀಟಿಯೇ ಆಧಾರ.

ಕಬ್ಬಿನ ಸುಗ್ಗಿಯಲ್ಲಿ ಎಂಜಿನ್ ಕೆಟ್ಟು ನಿಂತರೆ, ಸೊಲ್ಲಾಪುರದಿಂದ ಸಾಮಾನು ಬರುವವರೆಗೆ ಕಡಿದ ಕಬ್ಬು ಒಣಗುತ್ತದೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಎತ್ತಿನ ಹಲ್ಲು ನೋಡಿದ ಕಣ್ಣು ಫಿಲ್ಟರಿನ ಬಾಯನ್ನೂ ನೋಡಲಿ.